ಗಾಳಿಗೊಪ್ಪುವ ಆಕೃತಿ: ಮಾದರಿ ಕಾರುಗಳೂ ಚಳ್ಳಕೆರೆಯ ಪುಷ್ಪಕವೂ

ಹಿರಿದನ್ನು ಅರಿಯುವುದಕ್ಕಾಗಿ ಮೊದಲು ಕಿರಿದನ್ನು ಕಟ್ಟಿ ನೋಡುವುದು ಮಾನವನ ಬುದ್ಧಿಗೆ ಸಹಜವಾದ ಮಾರ್ಗ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಸೆರಗಿನ ಚಿತ್ತಾರವೂ ಮಗ್ಗವನ್ನೇರುವ ಮುನ್ನ ಚೌಕಳಿ ಕಾಗದದ ಮೇಲೆ ಮೂಡುವುದುಂಟು. ಕಾಗದದ ಮನೆಗಳ ಲೆಕ್ಕವೇ ಮಗ್ಗದ ಎಳೆಗಳ ಲೆಕ್ಕವಾಗುತ್ತದೆ. ಇದೇ ತತ್ತ್ವವನ್ನು ಆಟದ ರೂಪದಲ್ಲಿ ಕಲಿಸತಕ್ಕ ಒಂದು ಕುಶಲಕಲೆಯೆಂದರೆ ಸ್ಲಾಟ್ ಕಾರುಗಳ ನಿರ್ಮಾಣ.

ಹಲಗೆಯ ದಾರಿಯಲ್ಲಿ ಕಿರಿದಾದ ಒಂದು ಸೀಳು. ಅದರ ಎರಡೂ ಮಗ್ಗುಲಲ್ಲಿ ವಿದ್ಯುತ್ತು ಹರಿಯುವ ಲೋಹದ ಪಟ್ಟಿಗಳು. ಕಾರಿನ ಮೂತಿಯ ಅಡಿಯಲ್ಲಿರುವ ಗೂಟವು ಸೀಳಿನೊಳಗೆ ಇಳಿದು ದಾರಿ ತೋರಿಸುತ್ತದೆ; ಅದರ ಇಕ್ಕೆಲಗಳ ತಾಮ್ರದ ಹೆಣಿಗೆಗಳು ಪಟ್ಟಿಗಳಿಗೆ ತಗುಲಿ ಪುಟ್ಟ ಮೋಟಾರಿಗೆ ವಿದ್ಯುತ್ತನ್ನು ಒದಗಿಸುತ್ತವೆ. ಆಡುವವನ ಕೈಯಲ್ಲಿರುವುದು ವೇಗವೊಂದೇ. ತಿರುವಿನಲ್ಲಿ ವೇಗ ಮಿತಿಮೀರಿದರೆ ಕಾರಿನ ಬಾಲ ಹೊರಳಿ, ಗೂಟ ಸೀಳಿನಿಂದೆದ್ದು, ಕಾರು ಹೊರಬೀಳುತ್ತದೆ. 1957ರಲ್ಲಿ ಬ್ರಿಟನ್ನಿನ ಸ್ಕೇಲೆಕ್ಸ್‌ಟ್ರಿಕ್ ಮಾರುಕಟ್ಟೆಗೆ ಬಂದ ಮೇಲೆ ಈ ಆಟ ಲೋಕಪ್ರಿಯವಾಯಿತು.

ಇದರಲ್ಲಿ ನಿರ್ಮಾಣಕಾರರ ಜಾಣ್ಮೆಯನ್ನು ಹೆಚ್ಚಾಗಿ ಪರೀಕ್ಷಿಸುವವು 1930ರ ದಶಕದ ಜರ್ಮನಿಯ ಪಂದ್ಯದ ಕಾರುಗಳು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಮಡಿಯಾಗುತ್ತದೆ. ಎಂಜಿನ್ನನ್ನು ಬೆಳೆಸುತ್ತ ಹೋಗುವುದಕ್ಕಿಂತ ಮೈಯನ್ನು ತಿದ್ದುವುದು ಲೇಸೆಂದು ತಿಳಿದ ಮರ್ಸಿಡಿಸ್ ಮತ್ತು ಆಟೋ ಯೂನಿಯನ್ ಸಂಸ್ಥೆಗಳು ಚಕ್ರಗಳನ್ನೂ ಮುಚ್ಚಿ, ಮೀನಿನ ಮೈಯಂತೆ ನುಣುಪಾದ ಕವಚವನ್ನು ತೊಡಿಸಿದವು. 1937ರ ಬರ್ಲಿನ್ನಿನ ಆವುಸ್ ಪಂದ್ಯದಲ್ಲಿ ಹರ್ಮನ್ ಲಾಂಗ್ ಇಂಥ ಮರ್ಸಿಡಿಸ್ಸಿನಲ್ಲಿ ಗಂಟೆಗೆ ಸುಮಾರು 261 ಕಿಲೋಮೀಟರುಗಳ ಸರಾಸರಿ ವೇಗದಿಂದ ಗೆದ್ದನು. ಆದರೆ 1938ರ ಜನವರಿ 28ರಂದು ದಾಖಲೆಯ ಓಟದಲ್ಲಿದ್ದ ಬರ್ನ್ಡ್ ರೋಸ್‌ಮೇಯರ್ ಮಡಿದನು. ಅಡ್ಡಗಾಳಿಯ ಹೊಡೆತವೇ ಅದಕ್ಕೆ ಕಾರಣವೆಂಬುದು ಬಹುಮಂದಿಯ ಅಭಿಪ್ರಾಯ. ಎದುರುಗಾಳಿಯನ್ನು ಗೆಲ್ಲುವ ಆಕೃತಿ ಅಡ್ಡಗಾಳಿಯನ್ನೂ ಗೆಲ್ಲಲೇಬೇಕೆಂಬ ನಿಯಮವಿಲ್ಲ.

ಇವುಗಳ ಮಾದರಿಯನ್ನು ಕಟ್ಟುವವನು ಮೊದಲು ಮೂಲದ ನಕ್ಷೆಯನ್ನು 32ರಲ್ಲಿ ಒಂದು ಪಾಲಿಗೆ ಇಳಿಸಿಕೊಳ್ಳುತ್ತಾನೆ. ನಾಲ್ಕು ಮೀಟರಿನ ಕಾರು ಹನ್ನೆರಡೂವರೆ ಸೆಂಟಿಮೀಟರಾಗುತ್ತದೆ. ಮೆದುಮರದ ತುಂಡನ್ನು ಆ ಆಕಾರಕ್ಕೆ ಕೆತ್ತಿ, ಅರದಿಂದಲೂ ಉಜ್ಜುಕಾಗದದಿಂದಲೂ ನುಣುಪುಗೊಳಿಸಿ, ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿ, ನಡುವಣ ಗಾಳಿಯನ್ನು ಹೀರಿದರೆ ತೆಳ್ಳನೆಯ ಕವಚ ಸಿದ್ಧವಾಗುತ್ತದೆ. ಚಕ್ರಗಳು ಒಳಗೇ ಅಡಗಿರುವುದರಿಂದ ಅಚ್ಚುಗಳನ್ನು ಗಿಡ್ಡವಾಗಿಸಬೇಕು. ಕವಚ ಟೈರಿಗೆ ಉಜ್ಜದಂತೆ ಎಡೆ ಬಿಡಬೇಕು. ನೀಳವಾದ ಬಾಲ ತಿರುವಿನಲ್ಲಿ ಬೀಸುವುದರಿಂದ ಭಾರವನ್ನು ಕೆಳಗೂ ನಡುವಿಗೂ ತರಬೇಕು.

ಇಲ್ಲಿ ವಿದ್ಯಾರ್ಥಿಯು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಉದ್ದವು 32ರಲ್ಲಿ ಒಂದು ಪಾಲಾದರೆ ಗಾತ್ರವು 32,768ರಲ್ಲಿ ಒಂದು ಪಾಲು. 750 ಕಿಲೋಗ್ರಾಂ ತೂಕದ ಕಾರು ಆ ಲೆಕ್ಕದಂತೆ 23 ಗ್ರಾಂ ಆಗಬೇಕು. ಮೋಟಾರನ್ನು ಹೊತ್ತ ಮಾದರಿ ಅಷ್ಟು ಹಗುರಾಗದು. ಅದರ ಅಲ್ಪವೇಗದಲ್ಲಿ ಗಾಳಿಯ ತಡೆಯೂ ಗಣನೆಗೆ ಬಾರದಷ್ಟು ಕಡಿಮೆ. ರೂಪವನ್ನು ಕಿರಿದಾಗಿಸಬಹುದು, ಪ್ರಕೃತಿಯ ನಿಯಮಗಳು ಅದರೊಡನೆ ಅದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲ. ಆದುದರಿಂದಲೇ ಕೆಲವು ಮಾದರಿಗಳನ್ನು ನಿಜವಾದ ಗಾಳಿಗೇ ಒಡ್ಡಬೇಕಾಗುತ್ತದೆ.

ಅಂಥ ಪರೀಕ್ಷೆಯ ಕ್ಷೇತ್ರ ಚಳ್ಳಕೆರೆಯ ನೆಲದಲ್ಲೇ ಇದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಗೊಂಡಿತು. ಇಲ್ಲಿಯೇ ಇಸ್ರೋ ಸಂಸ್ಥೆಯು, ಮುಂದೆ ಕಟ್ಟಲಿರುವ ದೊಡ್ಡ ಮರುಬಳಕೆಯ ವಾಹನದ ಕಿರುರೂಪವನ್ನು 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೊಯ್ದು ಬಿಟ್ಟಿತು. ರೆಕ್ಕೆಯ ಆ ವಾಹನ ಮನುಷ್ಯನ ನೆರವಿಲ್ಲದೆ ತಾನೇ ಇಳಿಯಿತು. ಪುಷ್ಪಕವೆಂಬ ಹೆಸರಿನಿಂದ 2024ರ ಮಾರ್ಚ್ 22ರಂದು 150 ಮೀಟರು, ಜೂನ್ 23ರಂದು 500 ಮೀಟರು ಓಡುದಾರಿಯಿಂದ ಪಕ್ಕಕ್ಕೆ ಸರಿಸಿ ಬಿಟ್ಟಾಗಲೂ ಅದು ದಾರಿಯನ್ನು ತಿದ್ದಿಕೊಂಡಿತು. ಮೂರನೆಯ ಸಲ ಗಾಳಿ ಹೆಚ್ಚು ಬಿರುಸಾಗಿತ್ತು. ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ಕೊಡೆಯನ್ನು ಬಿಚ್ಚಿ ವೇಗ ತಗ್ಗಿಸಿಕೊಂಡಿತು. ಸ್ಲಾಟ್ ಕಾರಿಗೆ ಸೀಳೇ ಗುರು; ಪುಷ್ಪಕಕ್ಕೆ ಅಂಥ ಸೀಳಿಲ್ಲ, ತನ್ನ ಲೆಕ್ಕವೇ ಗುರು.

ಈ ಪರೀಕ್ಷಾ ನೆಲ ಒಂದು ಕಾಲಕ್ಕೆ ಅಮೃತಮಹಲ್ ಕಾವಲು. ಸುತ್ತಲ ಹಳ್ಳಿಗಳ ದನಕುರಿಗಳು ಮೇದ ಹುಲ್ಲುಗಾವಲು. ಮೇವಿನ ನೆಲವನ್ನು ಬಿಟ್ಟುಕೊಟ್ಟ ಊರುಗಳ ಮಕ್ಕಳಿಗೆ ಬೇಲಿಯಾಚೆಯ ವಿದ್ಯೆ ಕೇವಲ ದೂರದ ಸದ್ದಾಗಿ ಉಳಿಯಬಾರದು. ಕಾಯಕವನ್ನು ಪೂಜೆಯೆಂದು ಬಗೆದ ಪರಂಪರೆಯ ಶಾಲೆಗಳಲ್ಲಿ ಕೈಗೆಲಸದ ಕೊಠಡಿಯೊಂದು, ಕೆಲವು ಉಳಿ ಅರಗಳು, ವಾರಕ್ಕೊಂದು ಅವಧಿ, ಇಷ್ಟಿದ್ದರೆ ಮೊದಲ ಮೆಟ್ಟಿಲು ಸಿದ್ಧವಾದಂತೆ. ಇಂದು ಮರದ ತುಂಡಿನಲ್ಲಿ ಗಾಳಿಯ ಹಾದಿಯನ್ನು ಹುಡುಕುವ ಕೈ ನಾಳೆ ಆ ಬೇಲಿಯೊಳಗೆ ಅಧಿಕಾರದಿಂದಲೇ ಕಾಲಿಡಬಲ್ಲದು. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ದಿಸೆಯಲ್ಲಿ ಮನಸ್ಸು ಮಾಡುವುದು ಉಚಿತ.