ದೊಡ್ಡಮನೆಯ ಕೊಳವೆ, ನೆರೆಮನೆಯ ಎಣ್ಣೆ

ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಕಚ್ಚಾತೈಲದ ಬೆಲೆ ಏರಿತು, ಇಳಿಯಿತು ಎಂಬ ಸುದ್ದಿ ಬಂದಾಗಲೆಲ್ಲ ಪಕ್ಕದಲ್ಲಿ ‘ಬ್ರೆಂಟ್’ ಎಂಬ ಹೆಸರು ಇದ್ದೇ ಇರುತ್ತದೆ. ಬ್ರೆಂಟ್ ಎಂದರೆ ಒಂದು ಜಾತಿಯ ಹೆಬ್ಬಾತು. ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ ಎಣ್ಣೆ ಹುಡುಕುತ್ತಿದ್ದ ಶೆಲ್ ಕಂಪನಿ, ತನಗೆ ಸಿಕ್ಕ ನಿಕ್ಷೇಪಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನೀರಹಕ್ಕಿಗಳ ಹೆಸರಿಡುತ್ತ ಹೋಯಿತು: ಆಕ್, ಬ್ರೆಂಟ್, ಕಾರ್ಮೊರೆಂಟ್, ಡನ್ಲಿನ್, ಐಡರ್. 1974ರಲ್ಲಿ ಸಿಕ್ಕ ಸಣ್ಣ ನಿಕ್ಷೇಪಗಳ ಒಂದು ಗುಂಪಿಗೆ ಪೆಂಗ್ವಿನ್ ಎಂಬ ಹೆಸರು ಬಿತ್ತು. ಆ ಸಮುದ್ರದ ಸುತ್ತಮುತ್ತ ಹುಡುಕಿದರೂ ಒಂದು ಪೆಂಗ್ವಿನ್ ಸಿಗದು ಎಂಬುದು ಬೇರೆ ಮಾತು.

ಬ್ರೆಂಟ್ ದೊಡ್ಡಮನೆ. 1971ರಲ್ಲಿ ಪತ್ತೆಯಾಗಿ 1976ರಲ್ಲಿ ಎಣ್ಣೆ ಕೊಡತೊಡಗಿತು. ಸುಮಾರು 140 ಮೀಟರ್ ಆಳದ, ಬಿರುಗಾಳಿಗೆ ಹೆಸರಾದ ಕಡಲಿನಲ್ಲಿ ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ ಎಂಬ ನಾಲ್ಕು ಪ್ಲಾಟ್‌ಫಾರಂಗಳು ಎದ್ದು ನಿಂತವು. ಅವುಗಳಲ್ಲಿ ಮೂರಕ್ಕೆ ಕಾಂಕ್ರೀಟಿನ ಕಾಲುಗಳು. ಎಣ್ಣೆಯನ್ನು ಶೆಟ್ಲೆಂಡ್ ದ್ವೀಪಕ್ಕೆ ಒಯ್ಯಲು ಒಂದು ಕೊಳವೆಮಾರ್ಗ, ಅನಿಲವನ್ನು ಸ್ಕಾಟ್ಲೆಂಡಿನ ಸೇಂಟ್ ಫರ್ಗಸ್‌ಗೆ ಒಯ್ಯಲು ಸುಮಾರು 450 ಕಿಲೋಮೀಟರಿನ ಇನ್ನೊಂದು ಮಾರ್ಗ. ಇಷ್ಟೆಲ್ಲ ಖರ್ಚು ತಾಳಿಕೊಳ್ಳುವ ಶಕ್ತಿ ದೊಡ್ಡ ನಿಕ್ಷೇಪಕ್ಕೆ ಮಾತ್ರ ಇರುತ್ತದೆ.

ಉತ್ತರಕ್ಕಿದ್ದ ಪೆಂಗ್ವಿನ್‌ಗೆ ಆ ಶಕ್ತಿ ಇರಲಿಲ್ಲ. ಎಣ್ಣೆ ಇದೆಯೆಂದು ಗೊತ್ತಿದ್ದೂ ಅದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಾಗೆಯೇ ಬಿದ್ದಿತ್ತು. ಸಣ್ಣ ಹಿಡುವಳಿಯ ರೈತ ಒಂದು ಕೊಳವೆಬಾವಿಯ ನೀರಿಗಾಗಿ ಮೈಲಿಗಟ್ಟಲೆ ಕಾಲುವೆ ತೋಡಿಸುವುದುಂಟೆ? ಪಕ್ಕದ ದೊಡ್ಡ ತೋಟದವರ ಪೈಪಿಗೆ ತನ್ನದನ್ನೂ ಜೋಡಿಸಿಕೊಳ್ಳುತ್ತೇನೆ, ಬಾಡಿಗೆ ಕೊಡುತ್ತೇನೆ ಎನ್ನುತ್ತಾನೆ. ಕಡಲಿನಲ್ಲೂ ಅದೇ ಉಪಾಯ. ಸಣ್ಣ ನಿಕ್ಷೇಪದ ಮೇಲೆ ಪ್ಲಾಟ್‌ಫಾರಂ ಕಟ್ಟುವುದಿಲ್ಲ. ಬಾವಿ ಕೊರೆದು, ಅದರ ಬಾಯಿಗೆ ಕವಾಟಗಳ ಗೊಂಚಲನ್ನು ಸಮುದ್ರತಳದಲ್ಲೇ ಕೂರಿಸುತ್ತಾರೆ. ಕೊಂಬೆಕೊಂಬೆಯಾಗಿ ಕಾಣುವ ಈ ಯಂತ್ರವನ್ನು ಎಣ್ಣೆಯವರು ‘ಕ್ರಿಸ್‌ಮಸ್ ಟ್ರೀ’ ಎನ್ನುತ್ತಾರೆ. ಅಲ್ಲಿಂದ ತಳದ ಮೇಲೆ ಹಾಸಿದ ಕೊಳವೆ ಹಳೆಯ ಪ್ಲಾಟ್‌ಫಾರಂವರೆಗೆ ಸಾಗುತ್ತದೆ. ಅದರ ಜೊತೆಗೇ ಇನ್ನೊಂದು ದಪ್ಪ ಹುರಿ: ವಿದ್ಯುತ್ತು, ಆಜ್ಞೆಗಳು, ರಾಸಾಯನಿಕಗಳು ಪ್ಲಾಟ್‌ಫಾರಂನಿಂದ ಬಾವಿಗೆ ಹೋಗುವುದು ಇದರೊಳಗೆ. ಎಂಜಿನಿಯರುಗಳು ಇದಕ್ಕಿಟ್ಟ ಹೆಸರು ‘ಹೊಕ್ಕುಳಬಳ್ಳಿ’. ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು.

ಹೇಳಿದಷ್ಟು ಸುಲಭವೇನಲ್ಲ. ಬಾವಿಯಿಂದ ಬರುವುದು ಬರೀ ಎಣ್ಣೆಯಲ್ಲ; ಅನಿಲ, ನೀರು, ಕೆಲವೊಮ್ಮೆ ಮರಳು ಎಲ್ಲ ಬೆರೆತ ಬಿಸಿ ರಸ. ತಳದ ನೀರೋ ಮಂಜಿನಂತೆ ತಣ್ಣಗಿರುತ್ತದೆ. ಚಳಿಗಾಲದ ಬೆಳಿಗ್ಗೆ ಸೀಸೆಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ಕಂಡಿದ್ದೀರಲ್ಲ, ಹಾಗೆ ಎಣ್ಣೆಯಲ್ಲಿನ ಮೇಣ ಕೊಳವೆಯ ಒಳಮೈಗೆ ಅಂಟುತ್ತದೆ. ಅನಿಲ ಮತ್ತು ನೀರು ಒತ್ತಡದಲ್ಲಿ ಸೇರಿ ಮಂಜುಗಡ್ಡೆಯಂಥ ಹರಳಾಗಿ ದಾರಿಯನ್ನೇ ಮುಚ್ಚಬಹುದು. ಆದ್ದರಿಂದ ಕೊಳವೆಯೊಳಗೆ ಕೊಳವೆಯಿಟ್ಟು, ಥರ್ಮಾಸ್ ಫ್ಲಾಸ್ಕಿನ ಹಾಗೆ, ಬಿಸಿ ಕಾಪಾಡುತ್ತಾರೆ. ಮೆಥನಾಲ್‌ನಂಥ ರಾಸಾಯನಿಕ ಬೆರೆಸುತ್ತಾರೆ. ದೂರ ಹೆಚ್ಚಿದಷ್ಟೂ ಈ ಸಂಕಟ ಹೆಚ್ಚು. ಪೆಂಗ್ವಿನ್‌ನಿಂದ ಬ್ರೆಂಟ್ ಚಾರ್ಲಿಗೆ ಇದ್ದ ದೂರ 60 ಕಿಲೋಮೀಟರಿಗೂ ಹೆಚ್ಚು. 2002ರ ಹೊತ್ತಿಗೆ ತಂತ್ರಜ್ಞಾನ ಅಷ್ಟು ದೂರಕ್ಕೆ ಪಳಗಿತ್ತು. ಪೆಂಗ್ವಿನ್ ಕೊನೆಗೂ ಎಣ್ಣೆ ಕೊಟ್ಟಿತು.

ಇದರಿಂದ ದೊಡ್ಡಮನೆಗೂ ಲಾಭವಿದೆ. ಹಳೆಯ ಪ್ಲಾಟ್‌ಫಾರಂನ ಸ್ವಂತ ಎಣ್ಣೆ ವರ್ಷವರ್ಷಕ್ಕೂ ಇಳಿಯುತ್ತದೆ. ಆದರೆ ಜನರ ಸಂಬಳ, ಹೆಲಿಕಾಪ್ಟರು, ಬಣ್ಣ ಬಳಿಯುವ ಖರ್ಚು ಇಳಿಯುವುದಿಲ್ಲ. ನೆರೆಯವರ ಎಣ್ಣೆ ಬಂದರೆ ಆ ಖರ್ಚು ಹಂಚಿಹೋಗಿ, ಮುಚ್ಚುವ ದಿನ ಮುಂದಕ್ಕೆ ಹೋಗುತ್ತದೆ. ಒಡೆಯರು ಬೇರೆ ಬೇರೆಯಾದಾಗ ಮಾತ್ರ ಜಗ್ಗಾಟ ಶುರು: ಪೀಪಾಯಿಗೆ ಎಷ್ಟು ಬಾಡಿಗೆ, ದುರಸ್ತಿಗೆಂದು ಪ್ಲಾಟ್‌ಫಾರಂ ನಿಲ್ಲಿಸಿದರೆ ನಷ್ಟ ಯಾರದು? ಬ್ರೆಂಟ್, ಪೆಂಗ್ವಿನ್ ಎರಡೂ ಶೆಲ್ ಮತ್ತು ಎಸ್ಸೊ ಕಂಪನಿಗಳವೇ ಆಗಿದ್ದರಿಂದ ಈ ತಕರಾರು ಇರಲಿಲ್ಲ. ಇದ್ದದ್ದು ಬೇರೊಂದು ತೊಡಕು. ಆಸರೆ ಕೊಟ್ಟವರಿಗೂ ವಯಸ್ಸಾಗುತ್ತದೆ.

ಡೆಲ್ಟಾ 2011ರಲ್ಲಿ ನಿಂತಿತು. ಆಲ್ಫಾ, ಬ್ರಾವೊ 2014ರಲ್ಲಿ. ಚಾರ್ಲಿ 2021ರ ಮಾರ್ಚ್‌ವರೆಗೆ ಉಸಿರು ಹಿಡಿದುಕೊಂಡಿತ್ತು. ಅದು ನಿಂತೊಡನೆ ಪೆಂಗ್ವಿನ್‌ನ ದಾರಿಯೂ ಮುಚ್ಚಿತು. ಅಡಿಯಲ್ಲಿ ಎಣ್ಣೆ ಇನ್ನೂ ಉಳಿದಿತ್ತು. ಇಂಥ ಕಡೆಗಳಲ್ಲಿ ಉಳಿದ ಎಣ್ಣೆ ಎಷ್ಟೋ ಸಲ ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ. ಕಿತ್ತ ಪ್ಲಾಟ್‌ಫಾರಂ ಅನ್ನು ಮತ್ತೆ ಯಾರೂ ಕಟ್ಟುವುದಿಲ್ಲ.

ನಮ್ಮ ಅರಬ್ಬಿ ಸಮುದ್ರದಲ್ಲೂ ಕಾಲ ಕಳೆದುಕೊಂಡ ಒಂದು ಕಥೆಯುಂಟು. 1974ರಲ್ಲಿ ‘ಸಾಗರ್ ಸಾಮ್ರಾಟ್’ ಬಾಂಬೆ ಹೈ ಎಣ್ಣೆಯನ್ನು ಮುಟ್ಟಿದ ಮೇಲೆ ಮುಂಬಯಿಯಾಚೆ ಪ್ಲಾಟ್‌ಫಾರಂಗಳೂ ಕೊಳವೆಗಳೂ ಹಬ್ಬಿದವು. ಅಲ್ಲಿನ ಸಣ್ಣ ಕ್ಷೇತ್ರ ರತ್ನಾದಿಂದ ಓಎನ್‌ಜಿಸಿ 1983ರಿಂದ 1994ರವರೆಗೆ ಎಣ್ಣೆ ತೆಗೆಯಿತು. ಆಮೇಲೆ ಖಾಸಗಿಯವರಿಗೆ ಕೊಡುವ ಮಾತಾಯಿತು. 1996ರಲ್ಲಿ ಕೊಟ್ಟದ್ದೂ ಆಯಿತು, ಒಪ್ಪಂದಕ್ಕೆ ಸಹಿಯಾಗಲೇ ಇಲ್ಲ. 2016ರಲ್ಲಿ ಕ್ಷೇತ್ರ ಓಎನ್‌ಜಿಸಿಗೇ ಮರಳಿತು. ಉಪ್ಪುನೀರಿನಲ್ಲಿ ನಿಂತ ಉಕ್ಕಿಗೆ ಇಪ್ಪತ್ತು ವರ್ಷ ಎಂದರೆ ಒಂದು ಆಯುಷ್ಯ. ಕೊಳವೆಗೆ ತುಕ್ಕು ಹಿಡಿಯುವುದು ಕಡತದ ಓಡಾಟಕ್ಕಿಂತ ಯಾವಾಗಲೂ ವೇಗವಾಗಿ.

ಬ್ರಿಟನ್ನಿನಲ್ಲಿ ಈಗ ಈ ಲೆಕ್ಕ ರಾಜಕೀಯವೂ ಆಗಿದೆ. ಹವಾಮಾನದ ಬಿಸಿಗೆ ಹೆದರಿ ಹೊಸ ತೈಲ ಪರಿಶೋಧನೆಗೆ ಪರವಾನಗಿ ಕೊಡುವುದಿಲ್ಲ ಎಂದ ಸರ್ಕಾರ, 2025ರ ನವೆಂಬರಿನಲ್ಲಿ ಹಳೆಯ ಕ್ಷೇತ್ರಗಳಿಗೆ ಹೊಂದಿಕೊಂಡ ನಿಕ್ಷೇಪಗಳಿಗೆ ಮಾತ್ರ ಬಾಗಿಲು ತೆರೆದಿಡುವುದಾಗಿ ಹೇಳಿತು. ಪರಿಸರವಾದಿಗಳಿಗೆ ಇದು ಹಿಂಬಾಗಿಲು, ಎಣ್ಣೆಯವರಿಗೆ ತೀರ ಕಿರಿದಾದ ಬಾಗಿಲು. ಇರುವ ಕೊಳವೆಯನ್ನೇ ಬಳಸುವುದು ಹೊಸದನ್ನು ಕಟ್ಟುವುದಕ್ಕಿಂತ ಮೇಲು ಎಂಬುದು ನನಗೂ ಒಪ್ಪಿಗೆಯೇ. ಆದರೆ ಹಳೆಯದರ ಆಯುಷ್ಯ ಎಳೆಯುವುದಕ್ಕೇ ಹೊಸ ಬಾವಿ ಕೊರೆಯುತ್ತ ಹೋದರೆ ಕೊನೆಯೆಂಬುದು ಎಲ್ಲಿ ಎಂಬ ಪ್ರಶ್ನೆಯೂ ಸುಳ್ಳಲ್ಲ.

ಪೆಂಗ್ವಿನ್‌ನ ಅದೃಷ್ಟ ದೊಡ್ಡದು. ಚಾರ್ಲಿ ಮುಚ್ಚುವ ಮೊದಲೇ, 2018ರಲ್ಲಿ, ಶೆಲ್ ಅದಕ್ಕೊಂದು ತೇಲುವ ಹಡಗು-ಕಾರ್ಖಾನೆ ಕಟ್ಟಿಸಲು ತೀರ್ಮಾನಿಸಿತ್ತು. 2025ರ ಫೆಬ್ರವರಿಯಲ್ಲಿ ಅದು ಕೆಲಸ ಶುರುಮಾಡಿತು. ಅಷ್ಟರಲ್ಲಿ ಚಾರ್ಲಿಯ ಮೇಲ್ಭಾಗವನ್ನು, 2024ರ ಬೇಸಿಗೆಯಲ್ಲಿ, ದೈತ್ಯ ಹಡಗೊಂದು ಇಡಿಯಾಗಿ ಎತ್ತಿ ಗುಜರಿಗೆ ಒಯ್ದಿತ್ತು. ಪೆಂಗ್ವಿನ್‌ನ ಎಣ್ಣೆ ಈಗ ಟ್ಯಾಂಕರಿನಲ್ಲಿ ಹೋಗುತ್ತದೆ. ಅನಿಲ ಮಾತ್ರ, ಬ್ರೆಂಟ್‌ಗಾಗಿ ಹಾಸಿದ್ದ ಆ 450 ಕಿಲೋಮೀಟರಿನ ಹಳೆಯ ಕೊಳವೆಯಲ್ಲೇ ಸೇಂಟ್ ಫರ್ಗಸ್ ಸೇರುತ್ತಿದೆ.