ಗ್ಯಾರೇಜಿನ ಪಾಯವೂ ಹೊಂಗೆಯ ಬೇರೂ

ಮರ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೊಡ್ಡೆ, ಕೊಂಬೆ ಮತ್ತು ಎಲೆ. ಮನೆ ಕಟ್ಟುವವರೂ ಇಷ್ಟನ್ನೇ ಮರವೆಂದು ಎಣಿಸಿ ನಕ್ಷೆ ಬರೆಯುತ್ತಾರೆ. ಆ ನಕ್ಷೆಯ ಮೇಲೆ ಮರವು ಒಂದು ಸಣ್ಣ ಸೊನ್ನೆ. ಸೊನ್ನೆಯನ್ನು ಮುಟ್ಟದಂತೆ ಗೋಡೆಯ ಗೆರೆ ಎಳೆದರೆ ಮರಕ್ಕೆ ಯಾವ ಅಪಾಯವೂ ಇಲ್ಲವೆಂದು ಅವರ ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ವಿಚಾರಿಸೋಣ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರ ಹಂಪಿನಗರಗಳಿಗೆ ಹೊಂದಿಕೊಂಡಂತೆ, ಆರ್‌ಪಿಸಿ ಲೇಔಟ್ ಎಂಬ ಬಡಾವಣೆಯಿದೆ. ಇಲ್ಲಿಯ ಹಳೆಯ ಮನೆಗಳು ಕಾರುಗಳು ವಿರಳವಾಗಿದ್ದ ದಿನಗಳಲ್ಲಿ ಕಟ್ಟಿದವು. ಈಗ ಅಂತಹ ಮನೆಗಳನ್ನು ನವೀಕರಿಸುವಾಗ ಮನೆಯವರು ಮೊದಲು ಕೇಳುವುದು ಕಾರಿಗೊಂದು ನೆರಳು. ಮನೆಯ ಮಗ್ಗುಲಿನಲ್ಲೋ ಮುಂದೆಯೋ ಉಳಿದಿರುವ ತೆರಪೊಂದೇ ಅದಕ್ಕೆ ಸ್ಥಳ; ಆ ತೆರಪಿನಲ್ಲಿ ಆಗಲೇ ಒಂದು ಹೊಂಗೆಯೋ ಬೇವೋ ಮಾವೋ ನಿಂತಿರುತ್ತದೆ. ಉದಾಹರಣೆಗಾಗಿ, 30 ಅಡಿ ಅಗಲ 40 ಅಡಿ ಉದ್ದದ ಒಂದು ನಿವೇಶನವನ್ನು ಭಾವಿಸೋಣ. ಅದರ ಮುಂಭಾಗದಲ್ಲಿ ಎದೆಯೆತ್ತರದಲ್ಲಿ 126 ಸೆಂಟಿಮೀಟರ್ ಸುತ್ತಳತೆಯ ಒಂದು ಹೊಂಗೆ. ಮರದಿಂದ ನಾಲ್ಕು ಅಡಿ ಬಿಟ್ಟು, 10 ಅಡಿ ಅಗಲ 18 ಅಡಿ ಉದ್ದದ ಗ್ಯಾರೇಜು ಕಟ್ಟಬೇಕೆಂದು ಮನೆಯವರ ಇಚ್ಛೆ.

ಮರವನ್ನು ಕಡಿದುಬಿಟ್ಟರೆ ತೊಡಕೇ ಇಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಅದು ಅವರ ಸ್ವಂತ ನಿವೇಶನದ ಮರವಾದರೂ ಅವರ ಇಚ್ಛೆಯಂತೆ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ನಗರದ ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಪೂರ್ವಾನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು, ಹೊಂಗೆಗಿಲ್ಲ. ವಿದ್ಯಾರ್ಥಿಗಳು ಈ ಕಾಯಿದೆಯಲ್ಲಿ ಗಮನಿಸಬೇಕಾದುದು ‘ಕಡಿಯುವುದು’ ಎಂಬ ಮಾತಿಗೆ ಕೊಟ್ಟಿರುವ ಅರ್ಥವನ್ನು. ಬುಡದಿಂದ ಉರುಳಿಸುವುದು ಮಾತ್ರವಲ್ಲದೆ, ಬೇರುಸಹಿತ ಕೀಳುವುದು, ತೊಗಟೆಯನ್ನು ಸುತ್ತ ಸುಲಿಯುವುದು, ಕೊಂಬೆ ಸವರುವುದು, ಸುಡುವುದು, ವಿಷವಿಕ್ಕುವುದು, ಇನ್ನಾವುದೇ ರೀತಿಯಲ್ಲಿ ಮರಕ್ಕೆ ಹಾನಿ ಮಾಡುವುದು, ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಈ ಕೊನೆಯ ಮಾತು ನೆಲದ ಕೆಳಗೂ ಅನ್ವಯಿಸುತ್ತದೆಂದೇ ನಾವು ಓದುತ್ತೇವೆ. ಒಂದು ಕೊಂಬೆ ಕಡಿಯಲು ಅರ್ಜಿ ಬರೆಯುವ ಮನುಷ್ಯನೇ ಮಾರನೆಯ ದಿನ ಬೇರುಗಳ ನಡುವೆ ಪಾಯ ಅಗೆಸುವುದನ್ನು ನಮ್ಮ ಊರಿನಲ್ಲಿ ಕಾಣುತ್ತೇವೆ!

ಬೀದಿಯ ಬದಿಯಲ್ಲಿರುವ ಮರಗಳ ಮಾತು ಬೇರೆ. ಅವು ಸಾರ್ವಜನಿಕರ ಸ್ವತ್ತು. ಬೆಂಗಳೂರಿನ ಬೀದಿಮರಗಳಲ್ಲಿ ಅನೇಕವು 1980ರ ದಶಕದವು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮೇಲ್ವಿಚಾರಣೆಯಲ್ಲಿ ಆ ದಶಕದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಅವುಗಳಲ್ಲಿ ಉಳಿದು ಬೆಳೆದವು ಈಗ ನಲವತ್ತು ವರ್ಷದ ಮರಗಳು. ಗ್ಯಾರೇಜಿಗೆ ಕಾರು ಹತ್ತಿಸಲು ಕಾಲುದಾರಿಯನ್ನು ಅಗೆದು ಇಳಿಜಾರು ಕಟ್ಟುವಾಗ ಪೆಟ್ಟು ಬೀಳುವುದು ಇವುಗಳ ಬೇರಿಗೆ.

ಇನ್ನು ಬೇರುಗಳ ವಿಚಾರ. ಶಾಲೆಯ ಪುಸ್ತಕಗಳ ಚಿತ್ರದಲ್ಲಿ ಮರದ ಬೇರುಗಳು ಕೊಂಬೆಗಳ ಪ್ರತಿಬಿಂಬದಂತೆ ಆಳಕ್ಕೆ ಇಳಿದಿರುತ್ತವೆ. ನಿಜಸ್ಥಿತಿ ಹಾಗಿಲ್ಲ. ಹೊಂಗೆಗೆ ಬಲವಾದ ತಾಯಿಬೇರು ಇರುವುದು ನಿಜ. ಆದರೆ ಸಾಮಾನ್ಯವಾಗಿ ಮರಗಳ ಬೇರಿನ ಬಹುಪಾಲು ಇರುವುದು ನೆಲದ ಮೇಲಿನ 60 ಸೆಂಟಿಮೀಟರುಗಳೊಳಗೆ. ನೀರನ್ನೂ ಲವಣಗಳನ್ನೂ ಹೀರುವ ನವುರಾದ ಬೇರುಗಳು ಇನ್ನೂ ಮೇಲೆ, ಒಂದು ಅಡಿಯೊಳಗೇ ದಟ್ಟವಾಗಿರುತ್ತವೆ. ಅಡ್ಡಡ್ಡಲಾಗಿ ಅವು ಕೊಂಬೆಗಳ ನೆರಳನ್ನು ದಾಟಿ ಬಹುದೂರ ಹರಡುತ್ತವೆ. ಮರವನ್ನು ಕಿತ್ತು ತಲೆಕೆಳಗು ಮಾಡಲು ಸಾಧ್ಯವಾದರೆ ಅದು ತಟ್ಟೆಯ ಮೇಲೆ ನಿಲ್ಲಿಸಿದ ಲೋಟದಂತೆ ಕಾಣುತ್ತದೆಂದು ಊಹಿಸಿಕೊಳ್ಳಬಹುದು. ತಟ್ಟೆಯೇ ಬೇರಿನ ಹರವು.

ಬೇರುಗಳು ಹೀಗೆ ಮೇಲ್ಮಣ್ಣಿನಲ್ಲಿಯೇ ಉಳಿಯಲು ಕಾರಣವೇನು? ಗಾಳಿ. ಬೇರಿನ ಜೀವಕೋಶಗಳಿಗೆ ಪತ್ರಹರಿತ್ತು ಇಲ್ಲ. ಅವು ನಮ್ಮಂತೆಯೇ ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಈ ಅನಿಲಗಳ ವಿನಿಮಯ ಮಣ್ಣಿನ ಕಣಗಳ ನಡುವಣ ರಂಧ್ರಗಳ ಮೂಲಕ ನಡೆಯಬೇಕು. ಆಮ್ಲಜನಕವು ನೀರಿನಲ್ಲಿ ಪಸರಿಸುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ವೇಗವಾಗಿ ಗಾಳಿಯಲ್ಲಿ ಪಸರಿಸುತ್ತದೆ. ಆದುದರಿಂದ ರಂಧ್ರಗಳು ಮುಚ್ಚಿಹೋದ ಮಣ್ಣಾಗಲಿ, ಸದಾ ನೀರು ನಿಂತ ಮಣ್ಣಾಗಲಿ ಬೇರಿಗೆ ಉಸಿರುಕಟ್ಟಿಸುತ್ತದೆ. ಹೊಂಗೆಗೆ ಇನ್ನೂ ಒಂದು ಕಾರಣವುಂಟು. ಅದು ಅವರೆ ತೊಗರಿಗಳ ಕುಟುಂಬಕ್ಕೆ ಸೇರಿದ ಮರ. ಅದರ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಮಣ್ಣಿನ ಗಾಳಿಯಲ್ಲಿರುವ ಸಾರಜನಕವನ್ನೇ ಮರಕ್ಕೆ ಆಹಾರವಾಗಿ ಮಾರ್ಪಡಿಸಿಕೊಡುತ್ತವೆ.

ಬೇರುಗಳ ಒಟ್ಟು ಉದ್ದ ಎಷ್ಟಿರಬಹುದೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಅಮೆರಿಕದ ಡಿಟ್ಮರ್ ಎಂಬ ವಿಜ್ಞಾನಿ 1937ರಲ್ಲಿ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆಸಿದ ಒಂದೇ ಒಂದು ರೈ ಧಾನ್ಯದ ಗಿಡದ ಬೇರುಗಳನ್ನು ತೊಳೆದು ಲೆಕ್ಕ ಹಾಕಿದನು. ಮೊತ್ತ 387 ಮೈಲಿ! ಬೇರುರೋಮಗಳು ಇದರಲ್ಲಿ ಸೇರಿಲ್ಲ. ಒಂದು ಹುಲ್ಲಿನ ಜಾತಿಯ ಗಿಡದ ಕಥೆ ಇದಾದರೆ ನಲವತ್ತು ವರ್ಷದ ಹೊಂಗೆಯದು ಏನಿರಬಹುದು, ವಾಚಕರೇ ಊಹಿಸಲಿ.

ಮರವನ್ನು ಉಳಿಸಿಕೊಂಡು ಕಟ್ಟಡ ಕಟ್ಟುವವರು ಎಷ್ಟು ಸ್ಥಳವನ್ನು ಮುಟ್ಟದೆ ಬಿಡಬೇಕು? ಬ್ರಿಟನ್ನಿನ ಮಾನಕ ಸಂಸ್ಥೆಯ 5837ನೆಯ ಸಂಖ್ಯೆಯ ನಿಯಮಾವಳಿ ಇದಕ್ಕೆ ಒಂದು ಸುಲಭ ಸೂತ್ರವನ್ನು ಕೊಡುತ್ತದೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಬೊಡ್ಡೆಯ ವ್ಯಾಸವನ್ನು ಅಳೆದು ಅದನ್ನು 12ರಿಂದ ಗುಣಿಸಿದರೆ, ಅದೇ ರಕ್ಷಿಸಬೇಕಾದ ವೃತ್ತದ ತ್ರಿಜ್ಯ. ಇದು ಸ್ಥೂಲವಾದ ಅಳತೆ, ಶೀತದೇಶದ ಮರಗಳ ಅನುಭವದಿಂದ ಬಂದುದು. ಆದರೂ ನಮಗೆ ದಾರಿ ತೋರಿಸಲು ಸಾಕು. ನಮ್ಮ ಹೊಂಗೆಯ ಸುತ್ತಳತೆ 126 ಸೆಂಟಿಮೀಟರ್ ಆದ್ದರಿಂದ ವ್ಯಾಸ 40 ಸೆಂಟಿಮೀಟರ್. ತ್ರಿಜ್ಯ 4.8 ಮೀಟರ್, ಅಂದರೆ ಸುಮಾರು 16 ಅಡಿ. ವೃತ್ತದ ವಿಸ್ತೀರ್ಣ 72 ಚದರ ಮೀಟರ್. ಇಡೀ ನಿವೇಶನದ ವಿಸ್ತೀರ್ಣವೇ 111 ಚದರ ಮೀಟರ್! ಮರದ ಬೇರುಗಳು ಮನೆಯ ಅಂಗಳದಲ್ಲಿ ಮಾತ್ರವಲ್ಲದೆ ರಸ್ತೆಯ ಕೆಳಗೂ ನೆರೆಯವರ ಕಾಂಪೌಂಡಿನ ಕೆಳಗೂ ಚಾಚಿರಲೇಬೇಕು.

ಈಗ ಪಾಯದ ಕಂದಕವನ್ನು ಈ ವೃತ್ತದ ಮೇಲೆ ಎಳೆಯೋಣ. ರೇಖಾಗಣಿತ ಬಲ್ಲ ವಿದ್ಯಾರ್ಥಿಗಳು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ವೃತ್ತವನ್ನು ಈ ಕಡೆಯಿಂದ ಆ ಕಡೆಗೆ ದಾಟುವ ನೇರ ಕಂದಕವು ಕೇಂದ್ರದಿಂದ 2.4 ಮೀಟರ್ ದೂರದಲ್ಲಿದ್ದರೆ ವೃತ್ತದ ಐದರಲ್ಲೊಂದು ಪಾಲು ಮರದಿಂದ ಬೇರ್ಪಡುತ್ತದೆ. ಅದೇ ಕಂದಕ 1.2 ಮೀಟರಿಗೆ, ಎಂದರೆ ನಮ್ಮ ಮನೆಯವರು ಬಿಟ್ಟ ನಾಲ್ಕು ಅಡಿಗೆ, ಬಂದರೆ ಬೇರ್ಪಡುವುದು ಮೂರರಲ್ಲೊಂದು ಪಾಲು. ಬೊಡ್ಡೆಯನ್ನೇ ಒತ್ತಿ ಹೋದರೆ ಸರಿಯಾಗಿ ಅರ್ಧ. ಹದಿನೆಂಟು ಅಡಿಯ ಗೋಡೆ ವೃತ್ತವನ್ನು ಪೂರ್ತಿಯಾಗಿ ದಾಟುವುದಿಲ್ಲವಾದ್ದರಿಂದ ನಷ್ಟ ಸ್ವಲ್ಪ ಕಡಿಮೆಯೆನ್ನೋಣ. ಆದರೆ ಗ್ಯಾರೇಜಿನ ಹಿಂದಿನ ಗೋಡೆ ಬಾಗಿಲ ಬದಿಯ ಕಟ್ಟುಗಳು ಸೇರಿ ಆ ಉಳಿತಾಯವನ್ನು ತಿಂದುಹಾಕುತ್ತವೆ.

ಬೇರು ಕಡಿದ ಮರ ಮರುದಿನವೇ ಬಾಡುವುದಿಲ್ಲ. ಮೋಸವಿರುವುದು ಇಲ್ಲಿಯೇ. ಮರವು ತನ್ನ ಬೊಡ್ಡೆಯಲ್ಲಿಯೂ ಉಳಿದ ಬೇರುಗಳಲ್ಲಿಯೂ ಪಿಷ್ಟವನ್ನು ಶೇಖರಿಸಿಟ್ಟುಕೊಂಡಿರುತ್ತದೆ. ಆ ಗಂಟು ಕರಗುವವರೆಗೆ, ಒಮ್ಮೊಮ್ಮೆ ಕೆಲವು ವರ್ಷಗಳ ಕಾಲ, ಅದು ಹಸಿರಾಗಿಯೇ ಇದ್ದು ಮನೆಯವರಿಗೆ ಧೈರ್ಯ ಹೇಳುತ್ತದೆ. ಅಷ್ಟರಲ್ಲಿ ಕಡಿದ ಬೇರಿನ ತುದಿಯಿಂದ ಶಿಲೀಂಧ್ರಗಳು ಒಳಹೊಕ್ಕಿರುತ್ತವೆ. ಅಮೆರಿಕದ ಅಲೆಕ್ಸ್ ಷಿಗೊ 1977ರಲ್ಲಿ ವಿವರಿಸಿದಂತೆ, ಪ್ರಾಣಿಗಳ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಮರವು ಕೆಟ್ಟ ಭಾಗದ ಸುತ್ತ ಗೋಡೆಯೆಬ್ಬಿಸಿ ಅದನ್ನು ಒಳಗೇ ಬಂಧಿಸಿ, ಅದರ ಹೊರಗೆ ಹೊಸದಾಗಿ ಬೆಳೆಯುತ್ತದೆ. ಗೋಡೆ ಎಬ್ಬಿಸಲು ಆಹಾರಸಂಗ್ರಹ ಬೇಕು. ಅದೇ ಕ್ಷೀಣಿಸಿದ್ದರೆ ಕೊಳೆತ ಮುಂದುವರಿಯುತ್ತದೆ. ಕಡೆಗೆ ಯಾವುದೋ ಏಪ್ರಿಲ್ ಅಥವಾ ಮೇ ತಿಂಗಳ ಸಂಜೆ ಗುಡುಗುಮಳೆಯ ಬಿರುಗಾಳಿಯಲ್ಲಿ, ಹಿಡಿದು ನಿಲ್ಲಿಸುವ ಬೇರು ಒಂದು ಪಕ್ಕದಲ್ಲಿ ಇಲ್ಲದ ಮರ, ಬುಡಸಹಿತ ಉರುಳುತ್ತದೆ. ಬೇರು ಕಡಿದುದು ಗ್ಯಾರೇಜಿನ ಬದಿಯಲ್ಲಾದರೆ ಮರ ಸಾಮಾನ್ಯವಾಗಿ ಬೀಳುವುದು ಅದರ ಎದುರು ದಿಕ್ಕಿಗೆ. ಅಲ್ಲಿ ಮನೆಯಿರಬಹುದು, ಜನ ಓಡಾಡುವ ರಸ್ತೆಯಿರಬಹುದು. ಎಂದೋ ಅಗೆದ ಪಾಯದ ನೆನಪು ಆಗ ಯಾರಿಗೂ ಬರುವುದಿಲ್ಲ. ಗಾಳಿಮಳೆಗೆ ಮರ ಬಿತ್ತೆಂದು ಎಲ್ಲರೂ ಹೇಳುತ್ತಾರೆ.

ಗುದ್ದಲಿಯ ಪೆಟ್ಟಿಲ್ಲದೆಯೂ ಬೇರು ಸಾಯಬಹುದು. ಜಲ್ಲಿ ಮರಳುಗಳ ಲಾರಿ ಬುಡದ ಹತ್ತಿರ ನಾಲ್ಕಾರು ಸಲ ಹೋಗಿಬಂದರೆ ಸಾಕು, ಮಣ್ಣಿನ ರಂಧ್ರಗಳು ಕುಸಿಯುತ್ತವೆ. ಆಗುವ ಹಾನಿಯ ದೊಡ್ಡ ಪಾಲು ಮೊದಲ ಕೆಲವು ಓಡಾಟಗಳಲ್ಲಿಯೇ ಆಗಿಬಿಡುತ್ತದೆ. ಮಣ್ಣಿನ ಬಿಗಿತ ಮರವನ್ನು ಎಷ್ಟು ಕುಗ್ಗಿಸುತ್ತದೆಂಬುದನ್ನು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪ್ರಕೃತಿಯೇ ತೋರಿಸಿಕೊಟ್ಟಿತು. (ನಮ್ಮ ಲಾಲ್‌ಬಾಗನ್ನು ಬೆಳೆಸಿದ ಕ್ರುಂಬಿಗಲ್ಲರೂ ಹಿಂದೆ ಕೆಲಸ ಮಾಡಿದ್ದುದು ಅಲ್ಲಿಯೇ.) ಟರ್ನರ್ ಓಕ್ ಎಂಬ ಅಲ್ಲಿಯ ಹಳೆಯ ಮರವೊಂದು ವರ್ಷಗಳಿಂದ ಸೊರಗುತ್ತಿತ್ತು. 1987ರ ಅಕ್ಟೋಬರಿನ ಮಹಾಬಿರುಗಾಳಿ ಆ ಮರವನ್ನು ಬೇರಿನ ತಟ್ಟೆಸಮೇತ ಮೇಲಕ್ಕೆತ್ತಿ ಮತ್ತೆ ಅದೇ ಸ್ಥಳದಲ್ಲಿ ಕೂರಿಸಿತು. ಉರುಳಿದ ನೂರಾರು ಮರಗಳನ್ನು ವಿಲೇವಾರಿ ಮಾಡುವ ಗಡಿಬಿಡಿಯಲ್ಲಿ ಇದನ್ನು ಕಡೆಗೆ ನೋಡೋಣವೆಂದು ಬಿಟ್ಟಿದ್ದರು. ಕೆಲವು ವರ್ಷಗಳ ಮೇಲೆ ನೋಡಿದರೆ ಅದು ಹಿಂದೆಂದಿಗಿಂತ ಹುಲುಸಾಗಿ ಬೆಳೆಯುತ್ತಿತ್ತು! ಜನರ ತುಳಿತದಿಂದ ಗಟ್ಟಿಯಾಗಿದ್ದ ಮಣ್ಣನ್ನು ಬಿರುಗಾಳಿ ಸಡಿಲಿಸಿತ್ತು. ಮಣ್ಣಿಗೆ ಗಾಳಿಯೂದಿ ಹಗುರಮಾಡುವ ಕ್ರಮವನ್ನು ಅಲ್ಲಿಯ ತೋಟಗಾರರು ಅನುಸರಿಸತೊಡಗಿದುದು ಈ ಪಾಠದಿಂದ.

ಮನೆಯವರ ಭಯವೊಂದನ್ನೂ ಇಲ್ಲಿ ವಿಚಾರಿಸಬೇಕು. ಬೇರು ಮನೆಯ ಪಾಯವನ್ನೇ ಸೀಳುತ್ತದೆಂದು ಅನೇಕರು ಹೆದರುತ್ತಾರೆ. 1976ರ ಬರಗಾಲದಲ್ಲಿ ಇಂಗ್ಲೆಂಡಿನ ಬಹಳ ಮನೆಗಳು ಬಿರುಕುಬಿಟ್ಟುದು ನಿಜ. ಆದರೆ ಅದು ಒಣಗಿದಾಗ ಕುಗ್ಗುವ ಜೇಡಿಮಣ್ಣಿನ ಸ್ವಭಾವ. ನಮ್ಮ ಉತ್ತರದ ಜಿಲ್ಲೆಗಳ ಎರೆಮಣ್ಣಿಗೂ ಅದೇ ಗುಣವಿದೆ. ಬೆಂಗಳೂರಿನ ಕೆಂಪುಮಣ್ಣು ಅಷ್ಟಾಗಿ ಹಿಗ್ಗಿ ಕುಗ್ಗುವುದಿಲ್ಲ. ಇಲ್ಲಿ ಬೇರು ಎತ್ತುವುದು ಹಗುರವಾದ ಚಪ್ಪಡಿಗಳನ್ನು, ಕಾಂಪೌಂಡ್ ಗೋಡೆಯನ್ನು.

ಹಾಗಾದರೆ ಗ್ಯಾರೇಜು ಬೇಡವೇ? ಬೇಕೆಂದರೆ ಕಟ್ಟಬಹುದು, ಉದ್ದನೆಯ ಕಂದಕವನ್ನು ಬಿಟ್ಟು ಕಂಬಗಳ ಮೇಲೆ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ ಮೂರು ಬದಿಗೆ ಎರಡು ಅಡಿ ಅಗಲದ ಕಂದಕ ತೋಡಿದರೆ ಅಗೆತ 92 ಚದರ ಅಡಿ. ಅದರ ಬದಲು ಒಂದು ಅಡಿ ವ್ಯಾಸದ ಆರು ಗುಂಡಿಗಳನ್ನು ಬೈರಿಗೆಯಿಂದ ಕೊರೆದರೆ ಅಗೆತ ಐದು ಚದರ ಅಡಿಗೂ ಕಡಿಮೆ. ಗುಂಡಿಯ ಮೇಲಿನ ಎರಡು ಅಡಿಯನ್ನು ಕೈಯಿಂದಲೇ ಬಿಡಿಸಬೇಕು. ಹೆಬ್ಬೆರಳಿಗಿಂತ ದಪ್ಪನಾದ ಬೇರು ಸಿಕ್ಕಿದರೆ ಅದನ್ನು ಉಳಿಸಿ ಗುಂಡಿಯನ್ನು ಒಂದು ಗೇಣು ಆಚೆಗೆ ಸರಿಸಬೇಕು. ನಕ್ಷೆಯಲ್ಲಿ ಈ ಸಡಿಲಕ್ಕೆ ಅವಕಾಶವಿರುವಂತೆ ಇಂಜಿನಿಯರಿಗೆ ಮೊದಲೇ ಹೇಳಿರಬೇಕು. ಮೇಸ್ತ್ರಿಯ ಮೇಲೆ ಬಿಟ್ಟರೆ ಅವನು ನೂಲು ಹಿಡಿದ ಗೆರೆಯನ್ನು ತಪ್ಪುವವನಲ್ಲ. ಕಂಬಗಳ ತಲೆಯನ್ನು ಸೇರಿಸುವ ಕಾಂಕ್ರೀಟ್ ತೊಲೆ ಮಣ್ಣಿನೊಳಗೆ ಹೂತಿರದೆ ನೆಲಮಟ್ಟದ ಮೇಲಿರಲಿ. ಕಾರಿನ ಚಕ್ರ ಉರುಳುವ ಎರಡು ಪಟ್ಟಿಗಳಿಗೆ ಮಾತ್ರ ಕಲ್ಲುಹಾಸು ಸಾಕು. ಉಳಿದ ನೆಲವನ್ನು ಗಾಳಿಯಾಡಲು ಬಿಡಬಹುದು. ಬೊಡ್ಡೆಯ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ಕಿತ್ತುಹಾಕಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2013ರಲ್ಲಿ ದೆಹಲಿಗೆ ಆಜ್ಞೆ ಮಾಡಿತು. ಒಂದು ಮೀಟರ್ ಅತ್ಯಲ್ಪವೆಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ. ಆದರೂ ಬುಡಕ್ಕೇ ಸಿಮೆಂಟು ಬಳಿದಿರುವ ನಮ್ಮ ಬೀದಿಗಳಿಗೆ ಅಷ್ಟಾದರೂ ದೊರೆತರೆ ಸಂತೋಷವೇ.

ಇದೆಲ್ಲಕ್ಕೂ ಮುನ್ನ, ಮೊದಲ ಲಾರಿ ಬರುವುದಕ್ಕೆ ಮೊದಲೇ, ಮರದ ಸುತ್ತ ಗಳುಗಳ ಬೇಲಿ ನಿಲ್ಲಬೇಕು. ಇಟ್ಟಿಗೆ ರಾಶಿ, ಕಾಂಕ್ರೀಟು ಕಲಸುವ ಯಂತ್ರ, ಬಾಣಲಿ ತೊಳೆದ ಸಿಮೆಂಟಿನ ನೀರು ಯಾವುದೂ ಬೇಲಿಯ ಒಳಗೆ ಸಲ್ಲದು. ಸಿಮೆಂಟಿನ ನೀರು ಸುಣ್ಣದಂತೆ ತೀಕ್ಷ್ಣ ಕ್ಷಾರ. ಅದು ಇಂಗಿದ ಮಣ್ಣಿನಲ್ಲಿ ಕಬ್ಬಿಣವೇ ಮೊದಲಾದ ಧಾತುಗಳು ಬೇರಿಗೆ ಸಿಕ್ಕದಂತಾಗುತ್ತವೆ. ಪಾಯದಿಂದ ತೆಗೆದ ಮಣ್ಣನ್ನು ಬುಡಕ್ಕೆ ಏರಿಸುವುದೂ ತಪ್ಪು.

ಇನ್ನು ಛಾವಣಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಗ್ಯಾರೇಜಿನ 180 ಚದರ ಅಡಿಯ ಛಾವಣಿ ವರ್ಷಕ್ಕೆ 16,000 ಲೀಟರಿನಷ್ಟು ನೀರನ್ನು ಬೇರಿಗೆ ದೊರೆಯದಂತೆ ತಡೆಯುತ್ತದೆ. ಆ ನೀರನ್ನು ಕೊಳವೆಯಿಂದ ಚರಂಡಿಗೆ ಹರಿಸದೆ, ಬೊಡ್ಡೆಯಿಂದ ಏಳೆಂಟು ಅಡಿ ದೂರದಲ್ಲಿ ಎರಡು ಮೂರು ಕಡೆ ನೆಲದ ಮೇಲೆ ಬಿಟ್ಟು ಇಂಗಿಸುವುದು ಕಷ್ಟದ ಕೆಲಸವಲ್ಲ. ಹೊಂಗೆ ಬೇಸಗೆಯ ಮೊದಲಲ್ಲಿ ಎಲೆಯುದುರಿಸಿ ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಗ್ಯಾರೇಜು ಕಟ್ಟಿದ ಮುಂದಿನ ಮೂರು ನಾಲ್ಕು ವರ್ಷ ಆ ಚಿಗುರನ್ನು ಗಮನಿಸುತ್ತಿರಬೇಕು. ತುದಿಯ ಕೊಂಬೆಗಳು ಬೋಳಾಗಿ ಉಳಿದರೆ, ಎಲೆ ಮೊದಲಿಗಿಂತ ಸಣ್ಣದಾಗಿ ಬಂದರೆ, ಅಥವಾ ಬುಡದಲ್ಲಿ ಅಣಬೆ ಕಾಣಿಸಿಕೊಂಡರೆ, ಮುಂದಿನ ಬಿರುಗಾಳಿಯವರೆಗೆ ಕಾಯದೆ ನಗರಪಾಲಿಕೆಯ ವೃಕ್ಷಾಧಿಕಾರಿಗೆ ತಿಳಿಸಿ ಮರವನ್ನು ಪರೀಕ್ಷಿಸಲು ಕೋರಬೇಕು.