ಎಂಟನೇ ಕ್ಲಾಸಿನ ಆಲ್ಜೀಬ್ರಾಗೆ ಸ್ಯಾನ್ ಫ್ರಾನ್ಸಿಸ್ಕೋ ಜನ ವೋಟ್ ಹಾಕಿದ್ದು ಯಾಕೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಗಣಿತದ ಸಿಲಬಸ್ ಹೇಗಿರಬೇಕು ಅಂತ ಒಂದು ಊರಿನ ಜನ ವೋಟ್ ಹಾಕ್ತಾರೆ ಅಂದ್ರೆ ನಂಬ್ತೀರಾ? 2024ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಗೇ ಆಯ್ತು. ಪ್ರಶ್ನೆ ಇಷ್ಟೇ: ಎಂಟನೇ ಕ್ಲಾಸಿನಲ್ಲಿ ‘ಆಲ್ಜೀಬ್ರಾ 1’ ಮತ್ತೆ ಕಲಿಸಬೇಕಾ? ನೂರಕ್ಕೆ 80ಕ್ಕೂ ಹೆಚ್ಚು ಮತಗಳು ‘ಹೌದು’ ಅಂತ ಬಿದ್ದವು.

ಮೊದಲು ಎರಡು ವಿಷಯ. ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಜಿಲ್ಲೆ ಥರ ಅಲ್ಲ. ಅದು ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ. ಅದರ ಬೋರ್ಡ್ ಸದಸ್ಯರನ್ನು ಜನರೇ ಆರಿಸ್ತಾರೆ. ಎರಡನೆಯದು, ನಮ್ಮಲ್ಲಿ ಬೀಜಗಣಿತ, ರೇಖಾಗಣಿತ ಎಲ್ಲಾ ಒಂದೇ ಪುಸ್ತಕದಲ್ಲಿ ಇರುತ್ತೆ. ಅಲ್ಲಿ ವರ್ಷಕ್ಕೊಂದು ವಿಷಯ: ಆಲ್ಜೀಬ್ರಾ 1, ಜಿಯೋಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್. ಒಟ್ಟು ಐದು ಮೆಟ್ಟಿಲು.

ಆದ್ರೆ ಹೈಸ್ಕೂಲ್ ಇರೋದು 9ರಿಂದ 12ರವರೆಗೆ, ನಾಲ್ಕೇ ವರ್ಷ. ಐದು ಮೆಟ್ಟಿಲು, ನಾಲ್ಕು ವರ್ಷ. ಜಗಳದ ಬೇರು ಈ ಲೆಕ್ಕದಲ್ಲೇ ಇದೆ. ಮೊದಲ ಮೆಟ್ಟಿಲನ್ನು ಎಂಟರಲ್ಲೇ ಹತ್ತಿದವರು ಮಾತ್ರ ಆರಾಮಾಗಿ ಕ್ಯಾಲ್ಕುಲಸ್ ಮುಟ್ಟಬಹುದು. ಎಂಜಿನಿಯರಿಂಗ್, ವಿಜ್ಞಾನ ಓದಬೇಕು ಅನ್ನೋರಿಗೆ ಅದು ದೊಡ್ಡ ವಿಷಯ.

ಡಿಸ್ಟ್ರಿಕ್ಟ್ ಉದ್ದೇಶ ಏನಿತ್ತು?

ಮೊದಲು ಬಹಳಷ್ಟು ಮಕ್ಕಳಿಗೆ ಎಂಟರಲ್ಲೇ ಆಲ್ಜೀಬ್ರಾ ಕಲಿಸ್ತಿದ್ರು. ಅನೇಕರಿಗೆ ತಲೆಗೆ ಹತ್ತುತ್ತಿರಲಿಲ್ಲ, ಅದೇ ಕೋರ್ಸನ್ನು ಮತ್ತೆ ಓದಬೇಕಾಗ್ತಿತ್ತು. ಹೀಗೆ ಹಿಂದೆ ಬೀಳೋರಲ್ಲಿ ಕಪ್ಪು ವರ್ಣೀಯ ಮತ್ತು ಲ್ಯಾಟಿನೋ ಮಕ್ಕಳ ಪಾಲು ಹೆಚ್ಚು. ಅದಕ್ಕೇ 2014ರಲ್ಲಿ ಬೋರ್ಡ್ ಹೊಸ ಕ್ರಮ ತಂತು: ‘ಜಾಣರು’, ‘ದಡ್ಡರು’ ಅಂತ ಬೇರೆ ಸೆಕ್ಷನ್ ಬೇಡ, ಎಲ್ಲರೂ ಹತ್ತನೇ ಕ್ಲಾಸಿನ ತನಕ ಒಟ್ಟಿಗೇ ಕಲೀಲಿ, ಆಲ್ಜೀಬ್ರಾ 1 ಎಲ್ಲರಿಗೂ ಒಂಬತ್ತರಲ್ಲಿ.

ಕಲಿಸುವ ರೀತಿಯನ್ನೂ ಬದಲಾಯಿಸಿದರು. ಗುಂಪಿನಲ್ಲಿ ಕೂತು ಮಾಡೋ ಲೆಕ್ಕಗಳು, ಉತ್ತರ ಹೇಗೆ ಬಂತು ಅಂತ ಬಾಯಿಬಿಟ್ಟು ವಿವರಿಸೋದು. ಇನ್ನೊಂದು, ‘ಮೂರು ಸಲ ಓದು’ ಅನ್ನೋ ಪದ್ಧತಿ. ಉದಾಹರಣೆಗೆ: “ಆಟೋಗೆ ಮೊದಲ 2 ಕಿ.ಮೀ.ಗೆ ಇಂತಿಷ್ಟು, ಆಮೇಲೆ ಪ್ರತಿ ಕಿ.ಮೀ.ಗೆ ಇಂತಿಷ್ಟು.” ಮೊದಲ ಓದಿನಲ್ಲಿ ಇಲ್ಲಿ ಏನು ನಡೀತಿದೆ ಅಂತ ನೋಡ್ಬೇಕು. ಎರಡನೇದರಲ್ಲಿ ಯಾವ್ಯಾವ ಅಳತೆಗಳಿವೆ ಅಂತ. ಮೂರನೇದರಲ್ಲಿ ಇದರಿಂದ ಏನೇನು ಪ್ರಶ್ನೆ ಕೇಳಬಹುದು ಅಂತ. ಸೂತ್ರಕ್ಕೆ ಅಂಕಿ ತುರುಕೋ ಅವಸರಕ್ಕೆ ಇದು ಒಳ್ಳೇ ಮದ್ದು.

ಹಾಗಾದ್ರೆ ಎಡವಿದ್ದೆಲ್ಲಿ?

ಆಲ್ಜೀಬ್ರಾ 1 ಮತ್ತೆ ಓದೋರ ಪ್ರಮಾಣ ಶೇ. 40ರಿಂದ ಶೇ. 8ಕ್ಕೆ ಇಳಿದಿದೆ ಅಂತ ಡಿಸ್ಟ್ರಿಕ್ಟ್ ಹೇಳಿತು. ಪರೀಕ್ಷೆಯ ನಿಯಮ ಕೈಬಿಟ್ಟಿದ್ದಕ್ಕೇ ಅಂಕಿ ಇಳಿದಿದ್ದು ಅಂತ ಟೀಕಾಕಾರರು ತಿರುಗೇಟು ಕೊಟ್ಟರು.

ಇನ್ನು ಐದು ಮೆಟ್ಟಿಲಿನ ಲೆಕ್ಕ? ಅದಕ್ಕೆ ಡಿಸ್ಟ್ರಿಕ್ಟ್ ಆಲ್ಜೀಬ್ರಾ 2 ಮತ್ತು ಪ್ರಿಕ್ಯಾಲ್ಕುಲಸ್ ಎರಡನ್ನೂ ಒಂದೇ ವರ್ಷಕ್ಕೆ ಒತ್ತಿದ ಕೋರ್ಸ್ ಕೊಟ್ಟಿತು. ಆದ್ರೆ ದುಡ್ಡಿರೋ ಪೋಷಕರು ಕಾಯಲಿಲ್ಲ. ಮಕ್ಕಳಿಗೆ ಹೊರಗಡೆ ಆನ್‌ಲೈನ್‌ನಲ್ಲಿ ಆಲ್ಜೀಬ್ರಾ ಕೊಡಿಸಿದರು. ಶಾಲೆಯನ್ನೇ ನಂಬಿದ ಮಕ್ಕಳಿಗೆ ಆ ದಾರಿ ಇರಲಿಲ್ಲ. 2023ರಲ್ಲಿ ಬಂದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನವೂ ಇದನ್ನೇ ಸೂಚಿಸಿತು: ಉನ್ನತ ಮಟ್ಟದ ಗಣಿತ ಕೋರ್ಸ್‌ಗಳಿಗೆ ಸೇರೋದ್ರಲ್ಲಿ ಜನಾಂಗಗಳ ನಡುವಿನ ಅಂತರ ಹಾಗೇ ಉಳಿದಿತ್ತು. ಅಂದ್ರೆ ಯಾವ ಅಂತರ ತುಂಬೋಕೆ ಹೊರಟಿದ್ರೋ ಅದೇ ತುಂಬಲಿಲ್ಲ.

2024ರ ಮಾರ್ಚ್‌ನ ಆ ಮತದಾನ ಬರೀ ಸಲಹೆ, ಡಿಸ್ಟ್ರಿಕ್ಟ್ ಪಾಲಿಸಲೇಬೇಕು ಅಂತ ಏನಿರಲಿಲ್ಲ. ಅದಕ್ಕೂ ಮೊದಲೇ, ಫೆಬ್ರವರಿಯಲ್ಲಿ, ಬೋರ್ಡ್ ಎಂಟರ ಆಲ್ಜೀಬ್ರಾ ವಾಪಸ್ ತರಲು ಒಪ್ಪಿತ್ತು. ಎಲ್ಲರಿಗೂ ಕಡ್ಡಾಯ ಮಾಡೋದಾ, ಇಲ್ಲಾ ಮಾಮೂಲಿ ಗಣಿತದ ಜೊತೆಗೆ ಬೇಕಾದವರಿಗೆ ಹೆಚ್ಚುವರಿಯಾಗಿ ಕೊಡೋದಾ ಅಂತ ಬೇರೆ ಬೇರೆ ಶಾಲೆಗಳಲ್ಲಿ ಪ್ರಯೋಗ ಶುರುವಾಯ್ತು.

ಇದು ನಮಗೂ ದೂರದ ಕಥೆಯೇನಲ್ಲ. 2020ರಿಂದ ಸಿಬಿಎಸ್‌ಇ ಹತ್ತನೇ ತರಗತಿಗೆ ಗಣಿತದಲ್ಲಿ ‘ಸ್ಟ್ಯಾಂಡರ್ಡ್’, ‘ಬೇಸಿಕ್’ ಅಂತ ಎರಡು ಹಂತದ ಪತ್ರಿಕೆ ಇಟ್ಟಿದೆ. ಎಲ್ಲರನ್ನೂ ಒಟ್ಟಿಗೆ ನಡೆಸಬೇಕಾ, ಓಡೋರಿಗೆ ದಾರಿ ಬಿಡಬೇಕಾ ಅನ್ನೋ ಪ್ರಶ್ನೆ ಇಲ್ಲೂ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಹೇಳೋ ಪಾಠ ಒಂದು: ಮೇಲಿನ ಮೆಟ್ಟಿಲು ತೆಗೆದ ಮಾತ್ರಕ್ಕೆ ಕೆಳಗೆ ನಿಂತವರು ಮೇಲೆ ಬರಲ್ಲ. ಅವರ ಕೈ ಹಿಡಿಯೋ ಕೆಲಸ ಆರು, ಏಳನೇ ಕ್ಲಾಸಿನಲ್ಲೇ ಶುರುವಾಗಬೇಕು.

ನಿಮ್ಮ ಶಾಲೆಯಲ್ಲಿ ಗಣಿತಕ್ಕೆ ಬೇರೆ ಬೇರೆ ಸೆಕ್ಷನ್ ಇತ್ತಾ? ಅದರಿಂದ ಅನುಕೂಲ ಆಯ್ತಾ, ತೊಂದರೆ ಆಯ್ತಾ? ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.